ಮಾತು ಬಿದ್ದ ಗಂಟು

ರೈಲಿನ ಕಿಟಕಿಯ ಕಂಬಿ ತಣ್ಣಗಿದೆ, ಮೈ ಮಾತ್ರ ಕಾದ ಹಂಚು, ಕಿವಿಯ ಹಿಂದಿನಿಂದ ಬೆವರು ಇಳಿದು ರವಿಕೆಯೊಳಗೆ ಹೋಗುತ್ತಿದೆ, ಇದು ಬಿಸಿಲಿನ ಬೆವರಲ್ಲ, ಮುಟ್ಟು ನಿಂತವಳ ಬೆವರು ಅಂತ ಓಬಳಮ್ಮನಿಗೆ ಗೊತ್ತು, ಊರಿಗೆಲ್ಲ ಮದ್ದು ಕೊಡುವವಳು ತನಗೊಂದು ಪೊಟ್ಟಣ ಕಟ್ಟಿಕೊಂಡಿಲ್ಲ, ಎಲ್ಲಿತ್ತು ಪುರುಸೊತ್ತು — ಸಿಹಿ ಅಂದಳಲ್ಲ ಅಮ್ಮಾಜಮ್ಮ, ಬೆಳಿಗ್ಗೆ ಬಂಗಾರಪೇಟೆಯ ಅವಳ ಮನೆಗೆ ಹೋದಾಗ, ಎಷ್ಟು ಹಗುರವಾಗಿ ಅಂದುಬಿಟ್ಟಳು, ಬಾಣಂತಿ ಸೊಸೆಯ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾ, ಈ ಸಲ ನಿನ್ ಮದ್ದು ಪಾಯಸ ಇದ್ದಂಗೈತೆ ಕಣಕ್ಕ, ನಮ್ ಉಡುಗಿ ಒಂದೇ ಗುಟುಕಿಗೆ ಕುಡುದ್ಲು, ಅಂದಳು. ಬಾಣಂತಿಯ ಮದ್ದು ಸಿಹಿ ಇರುವುದಿಲ್ಲ, ಅದು ನಾಲಿಗೆ ಸುಡುತ್ತದೆ, ಗಂಟಲು ಹಿಡಿಯುತ್ತದೆ, ಹೆತ್ತ ಮೇಲೆ ಒಳಗೆ ಉಳಿದದ್ದನ್ನೆಲ್ಲ ಹೊರಗೆ ದಬ್ಬುವ ಮದ್ದು ಅದು. ಸಿಹಿ ಇರುವುದು ಬಸುರಿಯ ಮದ್ದು, ಹಲವು ಮಕ್ಕಳ ತಾಯಿ ಅನ್ನುವ ಬಳ್ಳಿಯ ಬೇರನ್ನು ಒಣಗಿಸಿ ಕುಟ್ಟಿ ಕಲ್ಲುಸಕ್ಕರೆ ಬೆರೆಸಿದ್ದು, ಅದು ಬಂಗಾರಪೇಟೆಯ ಬಾಣಂತಿಯ ಹೊಟ್ಟೆ ಸೇರಿದೆ ಅಂದರೆ ಬಾಣಂತಿಯದ್ದು ಎಲ್ಲಿ ಹೋಯಿತು, ಎಲ್ಲಿಗೆ ಹೋಗುತ್ತದೆ, ಕಳಿಸಿದ್ದೇ ಎರಡು ಪೊಟ್ಟಣ, ಇನ್ನೊಂದು ಗಣಿಯೂರು ಕೋರಮಂಡಲ್‌ಗೆ, ಮಗಳು ಅನಸೂಯಳ ಮನೆಗೆ, ಐದು ತಿಂಗಳ ಬಸುರಿಯ ಮನೆಗೆ. ರೈಲು ಯಾಕೆ ಹೊರಡುತ್ತಿಲ್ಲ.

ಗಂಟಿನ ಲೆಕ್ಕ ಅತ್ತೆ ಅಕ್ಕಯ್ಯಮ್ಮನದು, ಅಕ್ಷರ ಬಾರದ ಮುದುಕಿ, ಹಳದಿ ಬಟ್ಟೆಯ ಪಟ್ಟಿಯ ಒಂದು ತುದಿಯಲ್ಲಿ ಪುಡಿ ಕಟ್ಟಿ ಉಳಿದ ಬಾಲಕ್ಕೆ ಗಂಟು ಹಾಕುತ್ತಿದ್ದಳು, ಮೈನೆರೆದವಳಿಗೆ ಒಂದು, ಬಸುರಿಗೆ ಎರಡು, ಬಾಣಂತಿಗೆ ಮೂರು, ಮುಟ್ಟು ನಿಂತವಳಿಗೆ ನಾಲ್ಕು, ಎಂಗಸಿನ ಬಾಳು ಇಷ್ಟೇ ಕಣೇ, ನಾಕು ಗಂಟು, ಆಮ್ಯಾಕೆ ಮಣ್ಣು, ಎಂದು ಬೊಚ್ಚು ಬಾಯಲ್ಲಿ ನಗುತ್ತಿದ್ದಳು. ಏನಿದೆ ಅಂತ ಕೇಳಬಾರದು, ಹೆಸರೆತ್ತಿದರೆ ಮದ್ದು ಸಾಯುತ್ತದೆ, ಕುಡಿದ ಮೇಲೆ ಬಟ್ಟೆಯ ಗಂಟು ಬಿಚ್ಚಿ ತೊಳೆದು ಬೇಲಿಯ ಮೇಲೆ ಹರವಬೇಕು, ದಾರಿಯಲ್ಲಿ ಹೋಗುವ ಮುದುಕಿ ಕತ್ತೆತ್ತಿ ನೋಡಿ, ಕುಡುದವ್ಳೆ, ಎಂದುಕೊಂಡು ಮುಂದೆ ನಡೆಯುತ್ತಿದ್ದಳು. ಕಟ್ಟುವಾಗ ಯಾರಾದರೂ ಮಾತಾಡಿಸಿದರೆ ಆ ಗಂಟು ಲೆಕ್ಕಕ್ಕಿಲ್ಲ, ಮಾತು ಬಿದ್ದ ಗಂಟು, ಬಿಚ್ಚುವಂತೆಯೂ ಇಲ್ಲ, ಕಟ್ಟಿದ ಕೈ ಬಿಚ್ಚಬಾರದು, ಅದರ ಮುಂದೆ ಇನ್ನೊಂದು ಹಾಕಬೇಕು — ಮೊನ್ನೆ ಬುಧವಾರ ಅನಸೂಯಳ ಪೊಟ್ಟಣಕ್ಕೆ ಎರಡನೆಯ ಗಂಟು ಬಿಗಿಯುವಾಗಲೇ ಗಂಡ ಮುನಿಸ್ವಾಮಪ್ಪ ಬಾಗಿಲಲ್ಲಿ ನಿಂತು ಕೇಳಿದ, ಎಮ್ಮೆಗೆ ನೀರು ತೋರ್ಸಿದೇನೇ. ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ, ಕಟ್ಟುವಾಗ ಬಾಯಿ ಬಿಡಬೇಡ ಅಂತ, ಹಾಳಾದ ಎಮ್ಮೆ, ಅವಳು ಉತ್ತರ ಕೊಡದೆ ಹಲ್ಲು ಕಚ್ಚಿ ಮೂರನೆಯದು ಹಾಕಿದಳು, ಬಸುರಿಯದ್ದಕ್ಕೂ ಮೂರು, ಬಾಣಂತಿಯದ್ದಕ್ಕೂ ಮೂರು. ನೋಡಿದ್ದಳು, ನೋಡಿಯೂ ಬಿಚ್ಚಲಿಲ್ಲ, ಬಿಚ್ಚಿದ್ದರೆ ಯಾವ ಆಕಾಶ ಬೀಳುತ್ತಿತ್ತು. ಹಾಲಿನ ಕ್ಯಾನು ಹೊತ್ತು ರೈಲು ಹತ್ತುವ ಆದಿನಾರಾಯಣನಿಗೆ ಎರಡು ಸಲ ಹೇಳಿದ್ದಳು, ಬಲಗಡೆ ಜೇಬಿಂದು ನನ್ ಮಗಳ್ಗೆ, ಎಡಗಡೇದು ಅಮ್ಮಾಜಮ್ಮನಿಗೆ. ಇವತ್ತು ಸ್ಟೇಷನ್ನಿನಲ್ಲಿ ಖಾಲಿ ಕ್ಯಾನು ತೊಳೆಯುತ್ತಿದ್ದವನ ತೋಳು ಹಿಡಿದು ಕೇಳಿದರೆ ಅವನು ತಲೆ ಕೆರೆದುಕೊಂಡ, ಬಲಗಡೆ ಜೇಬು ತೂತಿತ್ತು ಓಬಳಕ್ಕ, ಎಲ್ಡೂ ಒಂದ್ಕಡೆ ಆಕ್ಕೊಂಡೆ, ಎಲ್ಡೂ ಮೂರ್ ಗಂಟೇ ಇತ್ತಲ್ಲ, ಒಂದೇ ಮದ್ದು ಅಂದ್ಕೊಂಡೆ. ಅವನ ತೋಳು ಬಿಟ್ಟು ಓಡಿ ರೈಲು ಹತ್ತಿದಳು.

ಹೊರಟಿತು, ಸದ್ಯ ಹೊರಟಿತು, ಗಾಲಿಗಳು ಒಂದು ಎರಡು ಮೂರು ಅನ್ನುತ್ತವೆ, ಒಂದು ಎರಡು ಮೂರು, ಎದುರಿಗೆ ಕೂತ ತಮಿಳು ಹೆಂಗಸು ಪೇರಲೆ ಹಣ್ಣು ಚಾಚಿ ಸಾಪ್ಪಿಡಮ್ಮ ಅನ್ನುತ್ತಾಳೆ, ಬೇಡ ತಾಯಿ. ಅನಸೂಯ ಮೈನೆರೆದಾಗ ಹನ್ನೆರಡು ತುಂಬಿರಲಿಲ್ಲ, ಮೂಲೆಯಲ್ಲಿ ಕೂತು ಒಂದು ಗಂಟಿನ ಪುಡಿ ನೋಡಿ ಮೂಗು ಮುರಿದಿದ್ದಳು, ಇದ್ರಾಗೆ ಏನೈತಮ್ಮ, ಅಂತ ಕೇಳಿದಳು, ಓಬಳಮ್ಮ ಕೆನ್ನೆಗೆ ಹೊಡೆದಳು, ಎಳ್ಳು, ಬೆಲ್ಲ, ಮೆಂತ್ಯ, ಅಷ್ಟೇ ಇದ್ದದ್ದು, ಹೇಳಿದ್ದರೆ ಏನಾಗುತ್ತಿತ್ತು, ಆಮೇಲೆ ಆ ಹುಡುಗಿ ಯಾವತ್ತೂ ಕೇಳಲಿಲ್ಲ. ಮದುವೆಯಾಗಿ ಏಳು ವರ್ಷ, ಎರಡು ಸಲ ಬಸಿರು ನಿಂತು ಎರಡು ಸಲವೂ ಮೂರನೆಯ ತಿಂಗಳಿಗೇ ಇಳಿದುಹೋಯಿತು, ಅಳಿಯ ಆಂಜಿನಪ್ಪ ಗಣಿಯ ಕೆಳಗಿಂದ ಬಂದು ಮುಖವೂ ತೊಳೆಯದೆ ಜಗಲಿಯಲ್ಲಿ ಕೂರುತ್ತಿದ್ದನಂತೆ, ಈ ಸಲ ಐದು, ಮೊನ್ನೆ ಮೊದಲ ಸಲ ಒದೆಯಿತಂತೆ, ಡಾಕ್ಟರು ಮಾತ್ರೆ ಕೊಟ್ಟಿದ್ದರು, ಅದನ್ನ ಎಸಿ, ನನ್ ಮದ್ದು ಸಾಕು, ಅಂದದ್ದು ಯಾರು, ತಾನೇ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬರಿ ಹೊಟ್ಟೆಯಲ್ಲಿ ಗಣಿಯ ಹತ್ತು ಗಂಟೆ ಸೈರನ್ನು, ಆ ಸಂಗು, ಕೂಗುವಾಗ ಕುಡಿ, ಖಾರ ಆದ್ರೂ ಕಹಿ ಆದ್ರೂ ಉಸಿರು ಬಿಗಿಹಿಡಿದು ಕುಡಿ ಅಂದದ್ದೂ ತಾನೇ. ಇವತ್ತು ಶುಕ್ರವಾರ. ಮೂರು ಗಂಟಿನದು ಬಸುರಿಯ ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ಅವಳು ಯಾರನ್ನೂ ಕೇಳಬೇಕಾಗಿಲ್ಲ, ಹೊಸ ಸೊಸೆಯಾಗಿದ್ದಾಗ ನೋಡಿದ್ದಾಳೆ, ಹಿತ್ತಲ ಹುಲ್ಲುಮೆದೆಯ ಹಿಂದೆ ಬಂದು ಅಕ್ಕಯ್ಯಮ್ಮನ ಕಾಲು ಹಿಡಿದಿದ್ದಳೊಬ್ಬಳು, ಆರು ಮಕ್ಕಳ ತಾಯಿ, ಏಳನೆಯದು ಬೇಡ ಅಂತ ಅಳುತ್ತಿದ್ದಳು, ಮುದುಕಿ ಕೊಟ್ಟಳು, ಮಾರನೆಯ ದಿನ ಅವರ ಬೇಲಿಯ ಮೇಲೆ ಹಳದಿ ಬಟ್ಟೆ ಒಣಗುತ್ತಿತ್ತು, ಗಂಟು ಇದ್ದ ಕಡೆ ಮೂರು ಸುಕ್ಕು, ಸಂಜೆ ಹೊತ್ತಿಗೆ ಅದೇ ಮನೆಯಿಂದ ಆರು ಮಕ್ಕಳು ಒಟ್ಟಿಗೆ ಅಳುವುದು ಕೇಳಿಸಿತು. ಅಕ್ಕಯ್ಯಮ್ಮ ಆ ವರ್ಷವೆಲ್ಲ ಆ ದಾರಿಯಲ್ಲಿ ನಡೆಯಲಿಲ್ಲ.

ಮತ್ತೆ ನಿಂತಿತು, ಸಿಗ್ನಲ್ಲಂತೆ, ಕಿಟಕಿಯ ಆಚೆ ಗಣಿಯವರು ಚಿನ್ನ ಸೋಸಿ ಸುರಿದ ಸೈನೈಡ್ ಗುಡ್ಡ, ಬೂದಿಯ ಬಣ್ಣ, ಹುಲ್ಲು ಕೂಡ ಹುಟ್ಟುವುದಿಲ್ಲ ಅದರ ಮೇಲೆ, ಗಾಳಿ ಎದ್ದರೆ ಪುಡಿ ಹಾರಿ ಬಂದು ಹಲ್ಲಿನ ನಡುವೆ ಕರಕರ ಅನ್ನುತ್ತದೆ — ಆಗ ಕೂಗಿತು ಸಂಗು. ಹತ್ತು. ಡಬ್ಬಿಯಲ್ಲಿ ಯಾರೂ ತಲೆ ಎತ್ತಲಿಲ್ಲ, ದಿನವೂ ಕೂಗುವುದೇ ತಾನೆ, ಓಬಳಮ್ಮ ಮಾತ್ರ ಎದ್ದು ನಿಂತಳು, ಅನಸೂಯ ನಿಧಾನ, ಚಿಕ್ಕಂದಿನಿಂದ ನಿಧಾನ, ತಲೆ ಒರೆಸುವುದಕ್ಕೇ ಅರ್ಧ ಗಂಟೆ, ಕಷಾಯ ಅರ್ಧಕ್ಕೆ ಇಳಿಯಬೇಕು, ಒಲೆ ಹೊಗೆಯಾಡಲಿ ದೇವರೇ, ಸೌದೆ ಹಸಿ ಇರಲಿ, ಆವತ್ತು ಮಗಳ ಮನೆಯಲ್ಲಿದ್ದಾಗ ನೆಲದ ಒಳಗೆ ಎಲ್ಲೋ ಬಂಡೆ ಸಿಡಿದು ಗೂಡಿನ ಲೋಟಗಳೆಲ್ಲ ಗಡಗಡ ಅಂದವಲ್ಲ, ಈಗಲೂ ಸಿಡಿಯಲಿ, ಲೋಟ ಉರುಳಿ ಚೆಲ್ಲಿಹೋಗಲಿ — ಥೂ, ಅಳಿಯ ಅದೇ ಬಂಡೆಯ ಕೆಳಗಿದ್ದಾನೆ, ಎಂಥ ಮಾತು ಬಾಯಿಗೆ ಬಂತು, ಬೇಡ, ಬೇರೆ ಏನಾದರೂ ಆಗಲಿ, ಬೆಕ್ಕು ಬರಲಿ, ಪಕ್ಕದ ಮನೆಯವಳು ಹರಟೆಗೆ ಬರಲಿ. ರೈಲು ತೆವಳಿತು, ಕೋರಮಂಡಲ್, ಇಳಿದಳು, ಚಪ್ಪಲಿ ಒಂದು ಉಳಿಯಿತು, ಉಳಿಯಲಿ, ಕಲ್ಲು ಚುಚ್ಚುತ್ತದೆ, ಬೆವರು ಕಣ್ಣಿಗೆ ಇಳಿಯುತ್ತದೆ, ಗಣಿ ಕೆಲಸದವರ ಲೈನ್ ಮನೆಗಳು ಸಾಲಾಗಿ ಎಲ್ಲವೂ ಒಂದೇ, ತಟ್ಟಿ ಬೇಲಿ, ಮಣ್ಣಿನ ತೊಟ್ಟಿ, ಎರಡನೆಯ ಸಾಲು, ಏಳನೆಯ ಬಾಗಿಲು, ಇನ್ನೂ ಕುಡಿದಿರುವುದಿಲ್ಲ, ಕುಡಿದರೂ ಒಂದು ಗುಟುಕು, ಖಾರಕ್ಕೆ ಉಗುಳಿರುತ್ತಾಳೆ, ಯಾಕಮ್ಮ ಇಷ್ಟು ಖಾರ ಅಂತ ಕೇಳಲಿ, ಒಂದು ಸಲ, ಒಂದೇ ಒಂದು ಸಲ ಕೇಳಲಿ ಆ ಹುಡುಗಿ. ಬಾಗಿಲಲ್ಲಿ ಅನಸೂಯ, ಒದ್ದೆ ಕೂದಲು ಬೆನ್ನಿಗೆ ಬಿಟ್ಟು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಸೆರಗಿನಿಂದ ಬಾಯಿ ಒರೆಸುತ್ತಾ ನಗುತ್ತಾಳೆ, ಏನಮ್ಮ ಇಂಗ್ ಓಡ್ಕೊಂಡ್ ಬಂದೆ, ಕುಡುದ್ನಮ್ಮ, ಒಂದ್ ತೊಟ್ಟೂ ಬಿಡ್ಲಿಲ್ಲ, ಮೂರ್ ಗಂಟಿತ್ತು, ಕಟ್ಟೋವಾಗ ಅಪ್ಪ ಮಾತಾಡ್ಸಿರ್ಬೇಕು ಅಂದ್ಕೊಂಡೆ — ಓಬಳಮ್ಮ ಬಾಯಿ ತೆರೆಯುತ್ತಾಳೆ, ಆ ಮದ್ದಿನ ಹೆಸರು ಹೇಳಬೇಕು, ಈಗಲೇ ಹೇಳಬೇಕು, ಡಾಕ್ಟರಿಗೆ ಹೇಳಬೇಕಾಗುತ್ತದೆ, ಅಕ್ಕಯ್ಯಮ್ಮ ಬೇರು ತೋರಿಸಿದ್ದಳು, ಹೆಸರು ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ, ಮಗಳ ಹೆಗಲಿನ ಆಚೆ ತಟ್ಟಿ ಬೇಲಿಯ ಮೇಲೆ ಹಳದಿ ಬಟ್ಟೆಯ ಪಟ್ಟಿ, ತೊಳೆದು ಹಿಂಡಿ ಹರವಿದ್ದು, ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಸುಕ್ಕು ಒಂದು, ಸುಕ್ಕು ಎರಡು, ಸುಕ್ಕು ಮೂರು, ಒಂದು, ಎರಡು, ಮೂರು.