ಪಾಳು ಇಗರ್ಜಿಯ ಮಣ್ಣು

ಮಗನ ಎಲುಬುಗಳನ್ನು ತರಲು ರೋಕ್ ಕುವೈತಿನ ಫೈಲಕಾ ದ್ವೀಪಕ್ಕೆ ಹೊರಟಿದ್ದ. ನೆಲಬಾಂಬು ತೆಗೆಯುವ ಕಂಪನಿಯೊಂದರ ದೋಣಿ ಅದು. ಕಂಪನಿಯ ಅಡುಗೆಯವನಾದ ರೋಹಿದಾಸ, ಪಾತ್ರೆ ತೊಳೆಯಲು ಜನ ಬೇಕೆಂದು ಹೇಳಿ ಅವನನ್ನು ಹತ್ತಿಸಿಕೊಂಡಿದ್ದ. 1993ರ ಚಳಿಗಾಲ. ಯುದ್ಧ ಮುಗಿದಿದ್ದರೂ ದ್ವೀಪದವರನ್ನು ವಾಪಸು ಬಿಟ್ಟಿರಲಿಲ್ಲ.

ಯುದ್ಧಕ್ಕೆ ಮೊದಲು ರೋಕ್ ಅಲ್ಲೇ ವಾಸವಿದ್ದ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಸೈನಿಕರು ಬಂದು ಕೋಟೆ ಕಟ್ಟಿ, ಇಕಾರೋಸ್ ಎಂದು ತಮ್ಮ ಕಡಲಿನ ದ್ವೀಪದ ಹೆಸರನ್ನೇ ಇಟ್ಟ ಜಾಗ. ಆ ಕೋಟೆ ಅಗೆಯಲು ಚಳಿಗಾಲದಲ್ಲಿ ಯುರೋಪಿನವರು ಬರುತ್ತಿದ್ದರು. ಅವರು ಹೋದ ಮೇಲೆ ಬಿಡಾರ ಕಾಯುವವನು ರೋಕ್. ಹೆಂಡತಿ ಬ್ರಿಜಿಟ್ ದ್ವೀಪದ ಕ್ಲಿನಿಕ್ಕಿನಲ್ಲಿ ಆಯಾ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನಿಕರು ಬಂದಿಳಿದರು. ಅದೇ ವಾರ ಬ್ರಿಜಿಟ್‌ಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಡಾಕ್ಟರು ಇರಲಿಲ್ಲ. ಗಂಡು ಮಗು, ಸಂಜೆಯೊಳಗೆ ಸತ್ತಿತು. ಉಸಿರಿರುವಾಗಲೇ ಅವಳು ತಾನೇ ನೆತ್ತಿಗೆ ನೀರು ಹೊಯ್ದು, ಡ್ಯಾರೆನ್ ಎಂದು ಹೆಸರಿಟ್ಟು ಜ್ಞಾನಸ್ನಾನ ಕೊಟ್ಟಿದ್ದಳು. ಜೀವ ಹೋಗುವ ಹೊತ್ತಿನಲ್ಲಿ ಯಾರು ಕೊಟ್ಟರೂ ಸಲ್ಲುತ್ತದೆ. ಆದರೆ ಜ್ಞಾನಸ್ನಾನವಾದ ಮಗುವನ್ನು ಕಂಡಕಂಡಲ್ಲಿ ಹೂಳುವಂತಿಲ್ಲ.

ಮರುದಿನ ಎಲ್ಲರೂ ದ್ವೀಪ ಬಿಡಬೇಕೆಂದು ಅಪ್ಪಣೆಯಾಯಿತು. ಬಟ್ಟೆಯಲ್ಲಿ ಸುತ್ತಿ ಪೇಟೆಯ ಕ್ರೈಸ್ತರ ಸ್ಮಶಾನಕ್ಕೆ ಒಯ್ಯೋಣ ಎಂದಳು ಬ್ರಿಜಿಟ್. ಚೀಲ ಬಿಚ್ಚಿಸಿ ನೋಡುವ ಸೈನಿಕರು ಸಮುದ್ರಕ್ಕೆ ಎಸೆದುಬಿಟ್ಟರೆ ಎಂದು ರೋಕ್ ಹೆದರಿದ. ದ್ವೀಪದ ನಡುವೆ, ಅಗೆಯುವವರು ಮಣ್ಣಿನಡಿಯಿಂದ ತೆಗೆದ ಹಳೇ ಇಗರ್ಜಿಯೊಂದಿತ್ತು. ಇಗರ್ಜಿ ಎಂದ ಮೇಲೆ ನೆಲ ಪವಿತ್ರವೇ ಎಂದುಕೊಂಡು, ಪೂಜೆಯ ಪೀಠವಿದ್ದ ಗೋಡೆಯ ಬುಡದಲ್ಲಿ ಮಗುವನ್ನು ಹೂತು ಬಂದ. ಏಳಲಾಗದೆ ಮಲಗಿದ್ದ ಬ್ರಿಜಿಟ್ ಆ ಜಾಗವನ್ನು ನೋಡಲೇ ಇಲ್ಲ.

"ಬಿಟ್ಟು ಬಂದಿರಿ ನೀವು" ಎನ್ನುತ್ತಿದ್ದಳು ಆಮೇಲೆ. ಅನ್ನ ಬಡಿಸುವಾಗಲೂ ಹೇಳುತ್ತಿದ್ದಳು. ಯುದ್ಧ ಮುಗಿದದ್ದೇ ಊರಿನಿಂದ ಮತ್ತೆ ಕುವೈತಿಗೆ ಹೊರಡಿಸಿದವಳೂ ಅವಳೇ. ಈಗ ಇಬ್ಬರ ವಾಸದ ಪರವಾನಗಿ, ಇಕಾಮಾ, ಮುಗಿಯುತ್ತ ಬಂದಿತ್ತು. ಪಾದ್ರಿ ಸ್ಮಶಾನದಲ್ಲಿ ಜಾಗ ಕೊಡಲು ಒಪ್ಪಿದ್ದರು. ಇನ್ನೊಂದು ಅವಕಾಶ ಸಿಗುವಂತಿರಲಿಲ್ಲ.

ಮಧ್ಯಾಹ್ನ ಊಟದ ಡಬ್ಬ ಹೊತ್ತ ಪಿಕಪ್ಪಿನಲ್ಲಿ ರೋಹಿದಾಸ ಅವನನ್ನು ದ್ವೀಪದ ನಡುವಿಗೆ ಕರೆದೊಯ್ದ. ಮನೆಗಳೆಲ್ಲ ಗುಂಡು ತಿಂದು ಜರಡಿಯಾಗಿದ್ದವು.

"ಇದು ಯಾರು ಹೊಡೆದದ್ದು?" ರೋಕ್ ಕೇಳಿದ.

"ಯಾರು ಅಂತ ಹೇಳುದು ಮಾರಾಯ? ಇರಾಕಿನವರು ಹುಗಿದರು, ಅಮೆರಿಕದವರು ಮೇಲಿಂದ ಹಾಕಿದರು. ಈಗ ಇಲ್ಲಿಯ ಮಿಲಿಟರಿಗೆ ಇದು ಗುರಿ ಕಲಿಯುವ ಜಾಗ. ಊಟಕ್ಕೆ ಕೂತವರು ಬೇರೆ ಬೇರೆ, ಎಲೆ ಒಂದೇ."

ಇಗರ್ಜಿಯ ಹತ್ತಿರ ಪಿಕಪ್ ನಿಂತಿತು. ಇರಾಕಿನ ಸೈನಿಕರು ಅದರ ಒಳಗಿಂದಲೇ ಕಂದಕ ತೋಡಿ, ಕಲ್ಲುಗಳನ್ನು ಕಿತ್ತು ಅಡ್ಡ ಪೇರಿಸಿದ್ದರು. ಬಾಗಿಲ ಕಡೆ ಬಾಂಬು ಬಿದ್ದ ಹೊಂಡ. ಆದರೆ ಪೀಠದ ಗೋಡೆ ಮೊಣಕಾಲೆತ್ತರಕ್ಕೆ ಹಾಗೇ ನಿಂತಿತ್ತು. ಅದರ ಬುಡದ ನೆಲವನ್ನು ಯಾರೂ ಮುಟ್ಟಿರಲಿಲ್ಲ. ನಡುವೆ ನೆಲಬಾಂಬಿನ ಗುರುತಿಗೆ ಕೆಂಪು ಬಳಿದ ಗೂಟಗಳು, ಹಗ್ಗ.

"ಅಲ್ಲಿಯ ಬಾಂಬು ಯಾವಾಗ ತೆಗೀತಾರೆ?"

"ಆ ತುಂಡು ನಮ್ಮ ಕಾಂಟ್ರಾಕ್ಟಿನಲ್ಲಿ ಇಲ್ಲ. ನಾಳೆ ಗುಂಡು ಹೊಡೆಯುವ ಜಾಗವನ್ನು ಇವತ್ತು ಯಾರು ಗುಡಿಸ್ತಾರೆ? ಖಲಾಸ್."

ರೋಕ್ ಹಗ್ಗ ದಾಟಿದ. ಎರಡು ಹೆಜ್ಜೆ ಇಟ್ಟಿದ್ದ. ಮುಂದೆ ಮರಳಿನಲ್ಲಿ ನೆಲಬಾಂಬಿನ ಹಸಿರು ಪ್ಲಾಸ್ಟಿಕ್ ಅಂಚು ಕಂಡಿತು. ಅದರ ಪಕ್ಕ ಆಡಿನ ದವಡೆ. ಅವನು ನಿಂತುಬಿಟ್ಟ.

"ರೋಕಾ, ತಿರುಗಬೇಡ" ಎಂದ ರೋಹಿದಾಸ ಮೆಲ್ಲಗೆ. "ಇಟ್ಟ ಹೆಜ್ಜೆಯ ಮೇಲೆಯೇ ಹಿಂದೆ ಬಾ."

ಗೋಡೆ ಹತ್ತಿಪ್ಪತ್ತು ಹೆಜ್ಜೆಯಷ್ಟು ಹತ್ತಿರವಿತ್ತು. ಹೋಗುವವನು ಹೋಗಬಹುದಿತ್ತು. ರೋಕ್ ಹಿಂದೆ ಬಂದ. ಯಾರೂ ಅವನನ್ನು ಎಳೆಯಲಿಲ್ಲ.

"ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗು. ನಿನ್ನ ಹೆಂಡತಿಗೆ ಏನು ಗೊತ್ತಾಗ್ತದೆ?" ಎಂದ ರೋಹಿದಾಸ.

ರೋಕ್ ಪಿಕಪ್ಪಿನ ಮರೆಗೆ ಹೋಗಿ ವಾಂತಿ ಮಾಡಿದ.

ದೋಣಿ ವಾಪಸಾದಾಗ ಬ್ರಿಜಿಟ್ ಪೇಟೆಯ ದೋಣಿಕಟ್ಟೆಯಲ್ಲಿ ಕಾಯುತ್ತಿದ್ದಳು, ಇಗರ್ಜಿಗೆ ಉಡುವ ಸೀರೆಯಲ್ಲಿ. ಅವನ ಬರಿಗೈ ನೋಡಿದಳು.

"ಸಿಗಲಿಲ್ಲವಾ?"

"ಜಾಗ ಸಿಕ್ಕಿತು. ಗೋಡೆ ಹಾಗೇ ಉಂಟು."

"ಮತ್ತೆ?"

"ಬಾಂಬು ಉಂಟು ಬ್ರಿಜಿಟ್. ದಾರಿಯಿಡೀ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮಗೇನೂ ಆಗಲಿಲ್ಲ" ಎಂದಳು. ಅವನು ತಲೆಯಾಡಿಸಿದ.

ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಅಲ್ಲಿ ನಿಂತು ಹೇಳಿದಳು: "ರುಮೈಥಿಯಾದಲ್ಲಿ ಒಂದು ಮನೆಗೆಲಸ ಉಂಟು. ಆ ಮನೆಯ ಯಜಮಾನನೇ ಕಫೀಲ್ ಆಗಿ ಇಕಾಮಾ ಮಾಡಿಸ್ತಾನಂತೆ. ಊರಿಗೆ ನೀವು ಹೋಗಿ."

"ಇಲ್ಲಿದ್ದು ಏನು ಮಾಡ್ತೀ? ಆ ಬಾಂಬನ್ನು ಯಾರೂ ತೆಗೆಯುದಿಲ್ಲ."

"ಗೊತ್ತುಂಟು. ನಾನು ಬಿಟ್ಟು ಬರುದಿಲ್ಲ."

ಬಸ್ ಬಂತು. ಮುಂದಿನ ಹೆಂಗಸರ ಸೀಟಿನಲ್ಲಿ ಅವಳು ಕುಳಿತಳು. ರೋಕ್ ಹಿಂದೆ ಹೋಗಿ ಕಂಬ ಹಿಡಿದು ನಿಂತ. ಇಳಿಯಬೇಕಾದ ಅಬು ಹಲೀಫಾ ನಿಲ್ದಾಣ ಬರುವವರೆಗೆ ಅವಳು ತಿರುಗಿ ನೋಡಲಿಲ್ಲ. ಇಳಿಯುವಾಗಲೂ ಇಲ್ಲ.