ಐದೂವರೆ ಇಂಚಿನ ಮೆಟ್ಟಿಲು

ಅಟ್ಟದ ಮೇಲಿನ ಕಾಗದದ ಸುರುಳಿಗಳಿಗೆ ಹುಳ ಬಿದ್ದಿತ್ತು. ನಮ್ಮಣ್ಣ ಕಟ್ಟಡಗಳ ನಕ್ಷೆ ಬರೆಯುತ್ತಿದ್ದವನು. ಅವನು ತೀರಿಹೋದ ಮೇಲೆ ಅತ್ತಿಗೆ ಅವನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಹುಳದ ಕಾಟ ತಡೆಯಲಾರದೆ ಈಗ ಒಂದನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ ತಂದರು.

“ನೋಡಪ್ಪಾ, ಇನ್ನು ನೂರು ವರ್ಷ ಏನೂ ಆಗಲ್ಲ.”

ನೋಡಿದರೆ ಒಳಗೆಲ್ಲ ಗುಳ್ಳೆ. ಅಣ್ಣ ಪೆನ್ಸಿಲಿನಲ್ಲಿ ಬರೆದದ್ದು ಮಸುಕು ಮಸುಕು. ಮಿಕ್ಕವನ್ನೂ ಒಯ್ದಾರೆಂದು ನನಗೆ ಹೆದರಿಕೆಯಾಯಿತು. ಹೆರಿಗೆ ಆಸ್ಪತ್ರೆಯ ಹಳೇ ನಕ್ಷೆ ಹುಡುಕಿಕೊಂಡು ಗಾರೆ ಕೆಲಸದವರನ್ನೆಲ್ಲ ವಿಚಾರಿಸುತ್ತಿದ್ದ ಸಂಗ್ರಹಾಲಯದ ಹುಡುಗಿಗೆ ಹೇಳಿ ಕಳಿಸಿದೆ. ಮರುದಿನವೇ ಬಂದಳು.

“ಅಮ್ಮಾ, ಬಿಸಿ ತಾಗಿದ್ಮೇಲೆ ಈ ಪ್ಲಾಸ್ಟಿಕ್ ಬಿಡಿಸೋಕಾಗಲ್ಲ. ಉಳಿದಿದ್ದನ್ನ ನಮಗೆ ಕೊಡಿ.”

“ಕೊಟ್ಟು? ನೀವು ಬೀರುಗೆ ಬೀಗ ಜಡೀತೀರಿ. ನನ್ನ ಗಂಡನ ಕೈಬರಹ ನೋಡೋಕೆ ನಾನು ಅರ್ಜಿ ಹಾಕ್ಕೊಂಡು ಬರಬೇಕಾ?”

“ಅರ್ಜಿ ಬೇಡ, ಕೈ ತೊಳ್ಕೊಂಡು ಬಂದ್ರೆ ಸಾಕು. ಮನೆಗೂ ಒಂದು ಪ್ರತಿ ಮಾಡಿ ಕೊಡ್ತೀವಿ.”

ಅತ್ತಿಗೆ ಮುಖ ತಿರುಗಿಸಿದರು. ಹುಡುಗಿ ಒತ್ತಾಯ ಮಾಡಲಿಲ್ಲ. ಅಣ್ಣ ಬರೆದಿದ್ದ ಆ ಹೆರಿಗೆ ಆಸ್ಪತ್ರೆಯ ಸುರುಳಿಯನ್ನು ಮೆಲ್ಲಗೆ ಬಿಚ್ಚುತ್ತಾ, “ರಿಪೇರಿಯವರು ಮೆಟ್ಟಿಲು ಒಡೀತಾರಂತೆ ಅಜ್ಜಾ. ಗಿಡ್ಡ ಆಗಿವೆ, ಮೇಸ್ತ್ರಿಗೆ ಅಳತೆ ಗೊತ್ತಿರಲಿಲ್ಲ ಅಂತಾರೆ,” ಎಂದಳು.

“ಆ ಮೇಸ್ತ್ರಿ ನಾನೇ ಕಣಮ್ಮ! ನಕ್ಷೇಲಿ ಇದ್ದಂಗೇ ಕಟ್ಟಿದೀನಿ.”

ಅವಳು ಬೆರಳಿಟ್ಟು ತೋರಿಸಿದಳು. ಮೆಟ್ಟಿಲಿನ ಎತ್ತರ ಏಳು ಇಂಚು ಎಂದಿದ್ದುದನ್ನು ಹೊಡೆದುಹಾಕಿ ಅಣ್ಣ ಐದೂವರೆ ಮಾಡಿದ್ದ. ಅಂಚಿನಲ್ಲಿ ಸಣ್ಣಕ್ಷರ: ‘ತುಂಬಿದ ಬಸುರಿಗೆ ಏಳು ಹೆಚ್ಚು. ನಿನ್ನೆ ಮನೆಯಲ್ಲಿ ನೋಡಿದೆ.’

ಅತ್ತಿಗೆ ಕನ್ನಡಕ ಹಾಕಿಕೊಂಡು ತಾರೀಖು ಓದಿದರು. ದೊಡ್ಡ ಮಗಳು ಹೊಟ್ಟೆಯಲ್ಲಿದ್ದ ತಿಂಗಳು.

“ಮನೆ ಮೆಟ್ಟಿಲ ಮೇಲೆ ಉಸ್ಸಂತ ಕೂತುಬಿಟ್ಟಿದ್ದೆ. ಕೈ ಕೊಟ್ಟು ಎಬ್ಬಿಸಿದ್ರು. ಒಂದು ಮಾತೂ ಆಡಿರಲಿಲ್ಲ ಮಾರಾಯ.”

ಸುರುಳಿಯನ್ನು ತಾವೇ ಸುತ್ತಿ ಹುಡುಗಿಯ ಕೈಗಿಟ್ಟರು. ಆಮೇಲೆ, “ತಗೊಂಡು ಹೋಗಮ್ಮ. ಮೊದಲು ಆ ಒಡೆಯೋರಿಗೆ ತೋರಿಸು,” ಎಂದರು.

ತೋರಿಸಿದಳು. ಮೆಟ್ಟಿಲು ಉಳಿದವು.

ಅರಮನೆ, ಕೋಟೆ ಕಾಯುವವರಿದ್ದಾರೆ. ನಮ್ಮ ಕಾಲದಲ್ಲಿ ಕಟ್ಟಿದ ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳನ್ನು ಯಾಕೆ ಹಾಗೆ ಕಟ್ಟಿದರೆಂಬುದು ಇಂಥ ಕಾಗದಗಳಲ್ಲೇ ಇದೆ. ನಿಮ್ಮ ಮನೆಯಲ್ಲೂ ನಕ್ಷೆ, ಫೋಟೋ, ಅಳತೆಯ ಪುಸ್ತಕ ಇದ್ದೀತು. ರದ್ದಿಗೆ ಹಾಕಬೇಡಿ. ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಒಣ ಜಾಗದಲ್ಲಿಟ್ಟು ಸಂಗ್ರಹಾಲಯಕ್ಕೆ ಸುದ್ದಿ ಮುಟ್ಟಿಸಿ. ಕೊಡುವ ಮೊದಲು ಅಂಚಿನಲ್ಲಿ ಬರೆದದ್ದನ್ನು ಒಮ್ಮೆ ನೀವೂ ಓದಿಕೊಳ್ಳಿ.