ಹೊಗೆಗೂಡಿಗೆ ಇಳಿಯದ ಕೊಳವೆ

ರೂಫಸ್ ಟಿಲ್ಮನ್ ನೆಲಮಾಳಿಗೆಗೆ ಇಳಿದಾಗ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಮಿಲ್ವಾಕಿಯಲ್ಲಿ ಆ ಜನವರಿ ಅಂಥದು. ಮನೆ ಕಾಯಿಸುವ ಹಳೆಯ ಗ್ಯಾಸ್ ಫರ್ನೇಸು ಕೆಟ್ಟು ಮೂರು ದಿನವಾಗಿತ್ತು, ಹೊಸದನ್ನು ಕೂರಿಸಲು ಅವನು ಬಂದಿದ್ದ. ಬಾಡಿಗೆಗಿದ್ದ ಬ್ಯೂಲಾ ಕೋಟು, ಟೋಪಿ ಸಮೇತ ಮಲಗಿ ಏಳುತ್ತಿದ್ದಳು. ಮನೆಯ ಕಂಬಳಿಗಳೆಲ್ಲ ಹಾಸಿಗೆ ಹಿಡಿದ ಅಕ್ಕ ಓಪಲ್‌ಳ ಮೇಲಿದ್ದವು. ಗಾಳಿ ನುಸುಳದಂತೆ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಸಂದುಗಳಿಗೆ ಹಳೆಯ ಕಾಲುಚೀಲ ತುರುಕಿದ್ದಳು.

ರೂಫಸ್ ಮಂಡಿಯೂರುವುದನ್ನು ಕಂಡು ಅವಳು ಸೋಫಾದ ದಿಂಬೊಂದನ್ನು ತಂದು ಅವನ ಮುಂದೆ ಹಾಕಿದಳು.

"ಮಸಿ ಆಗುತ್ತಮ್ಮ."

"ಆಗ್ಲಿ ಬಿಡು. ದಿಂಬು ಒಗೀಬೋದು. ನಿನ್ನ ಮಂಡಿ ಹೋದ್ರೆ ಹೊಸದು ಯಾರು ಕೊಡ್ತಾರೆ?"

ಮಧ್ಯಾಹ್ನದ ಹೊತ್ತಿಗೆ ಹೊಸ ಫರ್ನೇಸು ನಿಂತಿತು. ರೂಫಸ್ ಗ್ಯಾಸ್ ಪೈಪಿನ ಒಂದೊಂದು ಜೋಡಣೆಗೂ ಸಾಬೂನು ನೀರು ಬಳಿದು, ಗುಳ್ಳೆ ಏಳುವುದಿಲ್ಲ, ಸೋರಿಕೆಯಿಲ್ಲ ಎಂದು ನೋಡಿಕೊಂಡ. ಮೇಲೆ ಬಿಸಿಗಾಳಿ ಬರತೊಡಗಿದಾಗ ಓಪಲ್ ನಕ್ಕ ಸದ್ದು ಕೇಳಿಸಿತು.

ಉಳಿದದ್ದು ಪಕ್ಕದ ಹಂಡೆ. ಅದೂ ಗ್ಯಾಸಿನದೇ, ಸ್ನಾನಕ್ಕೆ ನೀರು ಕಾಯಿಸುವುದು. ಹಳೆಯ ಫರ್ನೇಸೂ ಈ ಹಂಡೆಯೂ ಒಂದೇ ಇಟ್ಟಿಗೆಯ ಹೊಗೆಗೂಡಿಗೆ ಹೊಗೆ ಬಿಡುತ್ತಿದ್ದವು. ಹೊಸ ಫರ್ನೇಸಿಗೆ ಗೋಡೆಯಾಚೆ ಬೇರೆ ಕೊಳವೆ. ಇನ್ನು ಹಂಡೆಯೊಂದೇ ಅಷ್ಟು ಅಗಲದ ತಣ್ಣನೆಯ ಗೂಡನ್ನು ಬಿಸಿ ಮಾಡಲಾರದು. ಹೊಗೆ ಮೇಲೇರದೆ ಮನೆಗೇ ಮರಳುತ್ತದೆ. ಅದಕ್ಕೇ ಗೂಡಿನೊಳಗೆ ತೆಳ್ಳನೆಯ ಉಕ್ಕಿನ ಕೊಳವೆ ಇಳಿಸಬೇಕು. ಇದು ನಿಯಮ. "ನೀನು ಫರ್ನೇಸು ಕೂರಿಸಿ ಬಾ. ನಿನ್ನ ಹಿಂದೇನೇ ಬೇರೆಯವರು ಬಂದು ಕೊಳವೆ ಇಳಿಸ್ತಾರೆ, ಆಮೇಲೆ ನಗರಸಭೆ ಅಧಿಕಾರಿ ಬಂದು ನೋಡ್ತಾರೆ" ಎಂದು ಕಂಪನಿಯ ಮಾಲೀಕ ಹಾಲಿಸ್ ಎರಡು ವಾರದಿಂದ ಹೇಳುತ್ತ ಬಂದಿದ್ದ.

ಸಹಿ ಮಾಡಲೆಂದು ರೂಫಸ್ ಕಾಗದಗಳ ಲಕೋಟೆ ಬಿಚ್ಚಿದ. ಯಾರೋ ಅವಸರದಲ್ಲಿ ತುಂಬಿದ್ದಿರಬೇಕು, ಒಳಗೆ ಒಂದು ಹಸಿರು ಚೀಟಿಯೂ ಇತ್ತು. 'ಪರೀಕ್ಷಿಸಲಾಗಿದೆ, ಎಲ್ಲವೂ ಸರಿಯಿದೆ.' ಇಂದಿನ ತಾರೀಖು. ಅಧಿಕಾರಿಯ ಸಹಿ.

ಅಧಿಕಾರಿ ಈ ಬೀದಿಗೇ ಬಂದಿರಲಿಲ್ಲ.

ರೂಫಸ್ ಮನೆಯ ಗಾಳಿಯನ್ನು ಹೊರದೂಡುವ ಅಡುಗೆಮನೆಯ ಫ್ಯಾನು, ಬಟ್ಟೆ ಒಣಗಿಸುವ ಯಂತ್ರ ಎರಡನ್ನೂ ಹಾಕಲು ಬ್ಯೂಲಾಗೆ ಕೂಗಿ ಹೇಳಿದ. ಹಂಡೆ ಹೊತ್ತಿಸಿ, ಹೊಗೆಯಾಡುವ ಕಡ್ಡಿಯನ್ನು ಅದರ ಮೇಲಿನ ಬಾಯಿಗೆ ಹಿಡಿದ. ಹೊಗೆ ಒಳಕ್ಕೆ ಹೋಗಬೇಕಿತ್ತು. ಅವನ ಮುಖಕ್ಕೇ ಬಂತು. ಐದು ನಿಮಿಷ ಕಾದ. ಆಗಲೂ ಮುಖಕ್ಕೇ. ಅವಳು ಅಷ್ಟು ಜತನದಿಂದ ಬಿಗಿದಿದ್ದ ಮನೆ, ಬೇರೆ ದಾರಿಯಿಲ್ಲದೆ, ಹೊಗೆಗೂಡಿನಿಂದಲೇ ಉಸಿರೆಳೆಯುತ್ತಿತ್ತು.

ಹಾಲಿಸ್‌ಗೆ ಫೋನು ಮಾಡಿದ.

"ಕೊಳವೆ ಇಳಿಸೋರು ಯಾವಾಗ ಬರ್ತಾರೆ?"

"ಯಾವ ಕೊಳವೆ? ಮನೆ ಓನರು ಖರ್ಚು ಜಾಸ್ತಿ ಅಂತ ಅದನ್ನ ಪಟ್ಟಿಯಿಂದ ಹೊಡೆದು ಹಾಕಿದಾನೆ. ಚೀಟಿ ಅಂಟಿಸಿ ಬಾ."

"ನಾನು ಫರ್ನೇಸು ಕೂರಿಸಿದ ಹಿಂದಿನ ಮನೆಗಳು?"

"ಅವಕ್ಕೂ ಅಷ್ಟೇ."

"ಜನ ಸಾಯ್ತಾರೆ ಹಾಲಿಸ್."

"ಹಂಗಂತ ಊರಿಗೆಲ್ಲ ಸಾರ್ಬೇಡ. ಕೆಲಸ ಸರಿಯಾಗಿದೆ ಅಂತ ಬರ್ಕೊಟ್ಟಿರೋನು ನೀನು. ಲೈಸೆನ್ಸು ನಿಂದು. ಕಟಕಟೇಲಿ ನಿಲ್ಲೋನೂ ನೀನೇ."

ರೂಫಸ್ ಹಂಡೆಯ ಗ್ಯಾಸು ಮುಚ್ಚಿ, ಬಳಸಬಾರದೆಂಬ ಕೆಂಪು ಚೀಟಿ ಕಟ್ಟಿದ. ಮೆಟ್ಟಿಲ ಮೇಲಿದ್ದ ಬ್ಯೂಲಾ ಗಾಬರಿಬಿದ್ದಳು.

"ಅದ್ಯಾಕಪ್ಪ ಆರಿಸ್ದೆ? ಅಕ್ಕನ ಬೆನ್ನು ಹುಣ್ಣಾಗಿದೆ, ಬಿಸಿನೀರಲ್ಲಿ ಒರೆಸ್ಬೇಕು. ದಮ್ಮಯ್ಯ, ಹೊತ್ತಿಸು."

"ಒಲೆ ಮೇಲೆ ಕಾಯಿಸ್ಕೋಮ್ಮ. ಇದರ ಗಾಳಿ ವಿಷ. ವಾಸನೆ ಇರಲ್ಲ. ತಲೆನೋವು ಬರುತ್ತೆ, ನಿದ್ದೆ ಬರುತ್ತೆ, ಆಮೇಲೆ ಏಳೋದೇ ಇಲ್ಲ."

ಅವಳು ಮೆಟ್ಟಿಲಿಳಿದು ಬಂದು ಕೆಂಪು ಚೀಟಿ ಹಿಡಿದು ಓದಿದಳು. ಆಮೇಲೆ ಕೇಳಿದಳು.

"ಹಿಂದಿನ ಮನೆಗಳು ಅಂದ್ಯಲ್ಲ, ಎಷ್ಟು?"

"ಹನ್ನೊಂದು. ಎಲ್ಲಾ ಇಲ್ಲೇ ಸುತ್ತಮುತ್ತ."

ಗ್ಯಾಸ್ ತುರ್ತು ಸೇವೆಗೆ ಫೋನು ಹಚ್ಚಿದ. ಈ ಚಳಿಗೆ ಊರೆಲ್ಲ ಕರೆಗಳೇ, ಹನ್ನೊಂದನ್ನೂ ಬರೆದುಕೊಂಡಿದ್ದೇವೆ, ಸರದಿಯಂತೆ ಬರುತ್ತೇವೆ ಎಂದರು. ಬ್ಯೂಲಾ ಮೇಲಿನ ಮನೆಯ ಹ್ಯಾಟಿಯನ್ನು ಓಪಲ್ ಬಳಿ ಕೂರಿಸಿದಳು. ರೂಫಸ್‌ನ ಒದ್ದೆ ಕೈಗವಸು ಕಿತ್ತುಕೊಂಡು ತನ್ನ ಒಣ ಜೋಡಿಯನ್ನು ಅವನ ಕೈಗೆ ತುರುಕಿದಳು.

"ಸಿಟ್ಟಿಲ್ಲ ಅಂದ್ಕೋಬೇಡ. ನೋಡ್ದೆ ಸಹಿ ಮಾಡಿದೀಯ. ಸಿಟ್ಟು ಆಮೇಲೆ ಮಾಡ್ಕೋತೀನಿ. ನಡಿ."

ಮೊದಲ ಮನೆಯಲ್ಲಿ ಗರ್ಭಿಣಿ ಹೆಂಗಸು, "ಎರಡು ವಾರದಿಂದ ತಲೆ ಸಿಡೀತಿದೆ, ಬಸಿರಿಗೇ ಹಿಂಗೆ ಅಂದ್ಕೊಂಡಿದ್ದೆ" ಎಂದಳು. ಎರಡನೆಯ ಮನೆಯವನು ರೂಫಸ್‌ನ ಕತ್ತಿನ ಪಟ್ಟಿ ಹಿಡಿದ. ಬಿಟ್ಟ ಮೇಲೆ ಬೂಟು ಹಾಕಿಕೊಂಡು ಅವನೂ ಹಿಂದೆ ಬಂದ. ಹಂಡೆಗಳನ್ನು ಆರಿಸುತ್ತ ಮೂರು, ನಾಲ್ಕು, ಐದು. ಪ್ರತಿ ಮನೆಯಿಂದಲೂ ಒಬ್ಬಿಬ್ಬರು ಸೇರಿಕೊಂಡರು.

ಆರನೆಯ ಮನೆಯ ಬಾಗಿಲು ತೆರೆಯಲಿಲ್ಲ. ಒಳಗೆ ದೀಪವಿತ್ತು. ಕಿಟಕಿಯ ಗಾಜುಗಳ ಒಳಮೈಯಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಹೊಗೆಯ ಹಬೆ ಒಳಗೇ ತುಂಬಿದೆಯೆಂದು ತಿಳಿದದ್ದೇ ರೂಫಸ್ ಸ್ಪ್ಯಾನರಿನಿಂದ ಗಾಜು ಒಡೆದು, ಅಲ್ಲೂ ಬಿಗಿದಿದ್ದ ಪ್ಲಾಸ್ಟಿಕ್ ಹರಿದು ಒಳಗೆ ಬಿದ್ದ. ಸ್ನಾನದ ಮನೆಯ ಬಾಗಿಲಲ್ಲಿ ಮುದುಕನೊಬ್ಬ ಟವೆಲ್ ಸುತ್ತಿಕೊಂಡೇ ಬಿದ್ದಿದ್ದ. ಹೊರಗೆಳೆದು ಕೋಟು ಹೊದಿಸಿದರು. ಬ್ಯೂಲಾ ಅವನ ಕೆನ್ನೆ ತಟ್ಟಿದಳು, ಕೂಗಿದಳು. ಅವನು ಮಂಜಿನ ಮೇಲೆ ವಾಂತಿ ಮಾಡಿ ಕಣ್ಣು ಬಿಟ್ಟ.

"ನನ್ನ ಕಿಟಕಿ ಒಡೆದೋನು ಯಾವನೋ?"

"ಬೈಯಪ್ಪ, ಚೆನ್ನಾಗಿ ಬೈಯಿ" ಎಂದು ಬ್ಯೂಲಾ ಅತ್ತಳು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು.

ನಾಲ್ಕು ಗಂಟೆ ದಾಟಿತ್ತು. ಕಾರ್ಖಾನೆಗಳು ಬಿಟ್ಟು, ಜನ ಮನೆಗೆ ಬಂದು ಬಿಸಿನೀರಿನ ನಲ್ಲಿ ತಿರುಗಿಸುವ ಹೊತ್ತು. ಇನ್ನೂ ಐದು ಮನೆ.

"ನೀನೊಬ್ಬ ಎಷ್ಟು ಕಡೆ ಓಡ್ತೀಯ? ಬಂದ್ ಮಾಡೋದು ಹೆಂಗೆ, ನಮಗೇ ತೋರಿಸ್ಕೊಡು" ಎಂದಳು ಗರ್ಭಿಣಿ.

ರೂಫಸ್ ಎರಡು ಬೆರಳನ್ನು ಅಡ್ಡಡ್ಡ ಇಟ್ಟು ತೋರಿಸಿದ. "ಹಂಡೆಗೆ ಹೋಗೋ ಗ್ಯಾಸ್ ಪೈಪಲ್ಲಿ ಒಂದು ಹಿಡಿ ಇರುತ್ತೆ. ಪೈಪಿಗೆ ಹಿಂಗೆ ಅಡ್ಡ ತಿರುಗ್ಸಿ. ಕಿಟಕಿ ಬಾಗಿಲು ತೆಗೀರಿ. ಎಲ್ಲರನ್ನೂ ಹೊರಗೆ ಕರೀರಿ."

ಜೇಬಿನಲ್ಲಿ ಹಾಲಿಸ್‌ನ ಕರೆಗೆ ಫೋನು ಬಡಿದುಕೊಳ್ಳುತ್ತಿತ್ತು. ಅವನು ತೆಗೆಯಲಿಲ್ಲ. ಉಳಿದ ವಿಳಾಸಗಳನ್ನು ಗಟ್ಟಿಯಾಗಿ ಕೂಗಿದ. ಒಂದೊಂದು ಕೂಗಿಗೂ ಇಬ್ಬಿಬ್ಬರು, ಬೆರಳು ಅಡ್ಡಡ್ಡ ಹಿಡಿದುಕೊಂಡೇ, ಮಂಜಿನಲ್ಲಿ ಜಾರುತ್ತ ಏಳುತ್ತ ಓಡಿದರು.